ಕತ್ತು ಮೊದಲಿನಂತೆ ತಿರುಗುತ್ತಿಲ್ಲ

ಪ್ರಶ್ನೆ: ನನಗೆ 61 ವರ್ಷ. ಕಾರು ಹಿಂದಕ್ಕೆ ತೆಗೆಯುವಾಗ ಕತ್ತು ಬಲಕ್ಕೆ ಪೂರ್ತಿ ತಿರುಗುವುದಿಲ್ಲ, ನೋಯುತ್ತದೆ. ಎಕ್ಸ್‌ರೇಯಲ್ಲಿ ಸವೆತ ಇದೆ ಅಂದರು. ಹೆದರಿ ಕತ್ತು ಅಲುಗಿಸುವುದನ್ನೇ ಬಿಟ್ಟಿದ್ದೇನೆ. ಸರಿಯೇ?

ಉತ್ತರ: ದಯವಿಟ್ಟು ಬಿಡಬೇಡಿ. ಕತ್ತಿನಲ್ಲಿ 7 ಮೂಳೆಗಳಿವೆ. ಅಕ್ಕಪಕ್ಕ ತಿರುಗುವುದರಲ್ಲಿ ಸುಮಾರು ಅರ್ಧ ಮೇಲಿನ ಎರಡು ಮೂಳೆಗಳ ನಡುವೆಯೇ ಆಗುತ್ತದೆ. ವಯಸ್ಸಾದಂತೆ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್‌ಗಳಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಕೀಲುಗಳು ಬಿಗಿಯುತ್ತವೆ. ಹಾಗಾಗಿ ಕತ್ತು ಕಡಿಮೆ ತಿರುಗುವುದು ಸಹಜ. ಅದರ ಜೊತೆ ನೋವು ಬರಲೇಬೇಕು ಅಂತೇನಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ, ಗೊತ್ತಾ? ಆ ಒಂದು ಮಾತಿಗೆ ಹೆದರಿ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುವವರು ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿ ಬರುತ್ತಲೇ ಇರುತ್ತಾರೆ. ಬೇಜಾರಾಗುತ್ತದೆ. ಅಲುಗಿಸದಿದ್ದರೆ ಬಿಗಿತ ಇನ್ನೂ ಜಾಸ್ತಿ.

ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಭುಜ ಸಡಿಲ ಬಿಡಿ. ಗದ್ದವನ್ನು ನಿಧಾನವಾಗಿ ಬಲಭುಜದ ಕಡೆ ತನ್ನಿ. ಎಳೆತ ಶುರುವಾದ ಜಾಗದಲ್ಲಿ ಎರಡು ಸಲ ಉಸಿರಾಡುವಷ್ಟು ಹೊತ್ತು ಕತ್ತನ್ನು ಹಾಗೇ ಇಟ್ಟು, ವಾಪಸ್ ಬನ್ನಿ. ಎಡಕ್ಕೂ ಹಾಗೆಯೇ. ದಿನಕ್ಕೆ ಮೂರು ಹೊತ್ತು, ಐದೈದು ಸಲ ಸಾಕು. ಜೋರು ಮಾಡಬೇಡಿ.

ಕೈ ಜೋಮು ಹಿಡಿದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ಓಲಾಡಿದಂತಾದರೆ ಮಾತ್ರ ವ್ಯಾಯಾಮ ನಿಲ್ಲಿಸಿ, ತಡಮಾಡದೆ ಡಾಕ್ಟರನ್ನು ಕಾಣಿ.