ನದಿ ಇತ್ತು, ಹಿಟ್ಟಿರಲಿಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯ ರೋಮ್ ಮುತ್ತಿಗೆಯ ಲೇಖನದಲ್ಲಿ, ಆಗ ಇಟಲಿಯನ್ನು ಆಳುತ್ತಿದ್ದ ಗಾಥರು ನೀರಿನ ಕಾಲುವೆ ಒಡೆದು ಊರಿನವರನ್ನು ಬಾಯಾರಿಸಿ ಕೊಂದರು ಎಂದಿದ್ದೀರಿ. ಟೈಬರ್ ನದಿ ಪಕ್ಕದಲ್ಲೇ ಇತ್ತಲ್ಲ ಸ್ವಾಮಿ? ಗಾಥರ ಕಡೆ ಒಂದೂವರೆ ಲಕ್ಷ ಸೈನಿಕರು ಅನ್ನೋದು ಅಚ್ಚಿನ ತಪ್ಪಾ?

ಸಂಪಾದಕರ ಉತ್ತರ: ಮೊದಲನೆಯದು ನಮ್ಮದೇ ತಪ್ಪು. ಬಾಯಾರಿ ಯಾರೂ ಸಾಯಲಿಲ್ಲ. ನದಿ ಇತ್ತು, ಬಾವಿಗಳೂ ಇದ್ದವು. ಎರಡನೆಯದು ಅಚ್ಚಿನ ತಪ್ಪಲ್ಲ. ಮುತ್ತಿಗೆಯ ಸಮಯದಲ್ಲಿ ರೋಮನ್ನು ಕಾಯುತ್ತಿದ್ದ ಪೂರ್ವ ರೋಮನ್ ಸೇನಾಪತಿ ಬೆಲಿಸಾರಿಯಸ್ ಜೊತೆಗಿದ್ದ ಇತಿಹಾಸಕಾರ ಪ್ರೊಕೋಪಿಯಸ್ ಕೊಟ್ಟ ಲೆಕ್ಕ ಅದು. ಒಳಗಿದ್ದ ಸೈನಿಕರು ಬರೀ 5,000 ಅಂತಲೂ ಅವನೇ ಹೇಳುತ್ತಾನೆ. ಇವತ್ತಿನ ಇತಿಹಾಸಕಾರರು ಒಂದೂವರೆ ಲಕ್ಷವನ್ನು ನಂಬುವುದಿಲ್ಲ. ತನ್ನ ಯಜಮಾನನ ಎದುರಾಳಿ ದೊಡ್ಡವನಾದಷ್ಟೂ ಒಳ್ಳೆಯದು, ಅಲ್ವಾ?

ಹಾಗಾದರೆ ಗಾಥರ ದೊರೆ ವಿಟಿಗಿಸ್ 537ರ ಮಾರ್ಚ್‌ನಲ್ಲಿ ಕಾಲುವೆಗಳನ್ನು ಒಡೆದದ್ದು ಸುಮ್ನೆಯಾ? ಅಲ್ಲ. ಸ್ನಾನಗೃಹಗಳು ಮುಚ್ಚಿದವು, ಅದು ಹೋಗಲಿ. ನಿಂತದ್ದು ಹಿಟ್ಟಿನ ಗಿರಣಿ. ನದಿಯಾಚೆಯ ಜಾನಿಕ್ಯುಲಮ್ ಗುಡ್ಡದ ಇಳಿಜಾರಿನಲ್ಲಿ ಕಾಲುವೆ ನೀರಿನ ರಭಸಕ್ಕೆ ಗಿರಣಿಗಳು ತಿರುಗುತ್ತಿದ್ದವು. ಕಾಲುವೆ ಒಣಗಿತು, ಕಲ್ಲು ನಿಂತಿತು. ಎತ್ತು ಕಟ್ಟಿ ಬೀಸೋಣ ಅಂದರೆ ಕುದುರೆಗಳಿಗೇ ಮೇವು ಸಾಲುತ್ತಿರಲಿಲ್ಲ. ಕಣಜದಲ್ಲಿ ಗೋಧಿ ಇದ್ದರೂ ರೊಟ್ಟಿ ಇಲ್ಲ!

ಬೆಲಿಸಾರಿಯಸ್ ಗಿರಣಿಯನ್ನೇ ನದಿಗೆ ಇಳಿಸಿದ. ಸೇತುವೆಯ ಕೆಳಗಡೆ, ಎರಡೂ ದಡಕ್ಕೆ ಹಗ್ಗ ಬಿಗಿದು, ಎರಡು ದೋಣಿಗಳನ್ನು ಎರಡಡಿ ಅಂತರದಲ್ಲಿ ಕಟ್ಟಿಸಿದ. ದೋಣಿಗಳ ಮೇಲೆ ಬೀಸುವ ಕಲ್ಲು, ನಡುವೆ ನೀರಿಗೆ ತಾಗುವ ಚಕ್ರ. ಸೇತುವೆಯ ಕಮಾನಿನಡಿ ಹೊಳೆ ಜೋರಾಗಿ ನುಗ್ಗುವ ಜಾಗವದು. ಅದರ ಹಿಂದೆ ಇನ್ನೊಂದು ಜೋಡಿ, ಮತ್ತೊಂದು ಜೋಡಿ. ಸುದ್ದಿ ತಿಳಿದ ಗಾಥರು ಮೇಲ್ಗಡೆಯಿಂದ ದೊಡ್ಡ ಮರಗಳನ್ನೂ ಸತ್ತ ರೋಮನ್ನರ ಹೆಣಗಳನ್ನೂ ತೇಲಿಬಿಟ್ಟರು. ಚಕ್ರಗಳು ಮುರಿದವು. ಆಗ ಸೇತುವೆಯ ಹತ್ತಿರ ಹೊಳೆಯ ಅಗಲಕ್ಕೂ ಕಬ್ಬಿಣದ ಸರಪಳಿ ಹಾಕಿಸಿದ. ತೇಲಿ ಬಂದದ್ದೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಆಳುಗಳು ದಡಕ್ಕೆ ಎಳೆದು ಹಾಕುತ್ತಿದ್ದರು. ಹೀಗೆ ತೇಲುವ ಗಿರಣಿಗಳು ಮುಂದೆ ಯುರೋಪಿನ ನದಿಗಳಲ್ಲಿ ಎಷ್ಟೋ ಶತಮಾನ ಓಡಿದವು.

ಹಾಗಂತ ಊರು ಸುಖವಾಗಿತ್ತು ಅಂತಲ್ಲ. ಹೆಂಗಸರನ್ನೂ ಮಕ್ಕಳನ್ನೂ ಮೊದಲೇ ನೇಪಲ್ಸ್ ಕಡೆ ಕಳಿಸಿದ್ದರು. ಕೊನೆಕೊನೆಗೆ ಸತ್ತ ಹೇಸರಗತ್ತೆಯ ಮಾಂಸವನ್ನು ಕದ್ದು ಮಾರುವ ಸ್ಥಿತಿ. ಒಂದು ವರ್ಷ ಒಂಬತ್ತು ದಿನ ಕಾದು, 538ರ ಮಾರ್ಚ್‌ನಲ್ಲಿ ಗಾಥರು ಹೊರಟುಹೋದರು.

ಕಾಲುವೆಯ ಕಥೆ ಇನ್ನೂ ಒಂದಿದೆ. ಮೇಲೆ ಮುಚ್ಚಿದ್ದ ಈ ಕಾಲುವೆ ಒಣಗಿತು ಅಂದರೆ ಊರೊಳಗೆ ಹೋಗುವ ಸುರಂಗ. 536ರಲ್ಲಿ ನೇಪಲ್ಸ್ ಅನ್ನು ಬೆಲಿಸಾರಿಯಸ್ ಹಿಡಿದದ್ದೇ ಹಾಗೆ. ಅದಕ್ಕೇ ರೋಮಿನ ಕಾಲುವೆಗಳಿಗೆ ಒಳಗಡೆ ಗೋಡೆ ಕಟ್ಟಿಸಿದ್ದ. ಒಂದು ರಾತ್ರಿ ಕೆಲವು ಗಾಥರು ದೀಪ ಹಿಡಿದು ಒಳಗೆ ನುಸುಳಿದರು. ಪಿನ್ಸಿಯನ್ ಬಾಗಿಲ ಹತ್ತಿರದ ಕಿಂಡಿಯಲ್ಲಿ ಕಾವಲುಗಾರನಿಗೆ ಬೆಳಕು ಕಂಡಿತು. ಜೊತೆಯವರು ‘ತೋಳದ ಕಣ್ಣು ಬಿಡೋ’ ಎಂದು ನಕ್ಕರು. ಮರುದಿನ ಈ ಹರಟೆ ಬೆಲಿಸಾರಿಯಸ್ ಕಿವಿಗೆ ಬಿತ್ತು. ಕೂಡಲೇ ಕಾಲುವೆಯೊಳಗೆ ಜನ ಇಳಿಸಿದ. ಉದ್ದಕ್ಕೂ ದೀಪದಿಂದ ಉದುರಿದ ಕುರುಹು. ಅವನು ಕಟ್ಟಿಸಿದ್ದ ಗೋಡೆಯಲ್ಲಿ ಒಂದು ಕಲ್ಲು ಕಾಣೆಯಾಗಿತ್ತು. ‘ಇಲ್ಲಿವರೆಗೆ ಹೋಗಿದ್ದೆವು’ ಎಂದು ದೊರೆಗೆ ತೋರಿಸಲು ಗಾಥರು ಕಿತ್ತುಕೊಂಡು ಹೋಗಿದ್ದರು.