ಕುಂದಾಪುರದಲ್ಲಿ ಕುಳಿತು ಡೊಂಬಿವಲಿಯ ಕಂಪ್ಯೂಟರ್ ತೆರೆಯಬಹುದೇ?

ಪ್ರಶ್ನೆ: ನಮ್ಮ ಕನ್ನಡ ಸಂಘದ ಲೆಕ್ಕ, ಸದಸ್ಯರ ಪಟ್ಟಿ, ಹಳೆಯ ನುಡಿ ಫೈಲುಗಳು ಎಲ್ಲವೂ ಮನೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿವೆ. ಅಮ್ಮನಿಗೆ ಹುಷಾರಿಲ್ಲ. ತಿಂಗಳಲ್ಲಿ ಹತ್ತು ದಿನ ಕುಂದಾಪುರದಲ್ಲೇ ಇರುತ್ತೇನೆ. ಅಲ್ಲಿಂದ ಲ್ಯಾಪ್‌ಟಾಪ್‌ನಲ್ಲಿ ಇದನ್ನು ನೋಡುವುದು ಹೇಗೆ? ಪರಿಚಯದವರೊಬ್ಬರು ರೂಟರ್‌ನಲ್ಲಿ 3389 ಪೋರ್ಟ್ ತೆರೆದುಬಿಡಿ ಅಂದರು. ಸರಿಯೇ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಖಂಡಿತ ನೋಡಬಹುದು. ಆದರೆ ಆ ಪೋರ್ಟ್ ಮಾತ್ರ ದಯವಿಟ್ಟು ತೆರೆಯಬೇಡಿ. ಪೋರ್ಟ್ ಎಂದರೆ ಇಂಟರ್ನೆಟ್‌ನಿಂದ ಕಂಪ್ಯೂಟರ್‌ಗೆ ಬರಲು ಇರುವ, ಸಂಖ್ಯೆ ಹಚ್ಚಿದ ಬಾಗಿಲು ಇದ್ದ ಹಾಗೆ.

ನಾನೂ ಮಾಟುಂಗದ ಮನೆಯಲ್ಲಿ ಒಮ್ಮೆ ಹಾಗೆ ಮಾಡಿದ್ದೆ. ಮರುದಿನ ವಿಂಡೋಸ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ 4625 ಸಂಖ್ಯೆಯ ಸಾಲುಗಳು ಮುಗಿಯುತ್ತಲೇ ಇಲ್ಲ. ಯಾರೋ ಲಾಗಿನ್ ಆಗಲು ನೋಡಿ ಸೋತರೆ ಬೀಳುವ ಸಾಲು ಅದು. 'ಅಡ್ಮಿನ್', 'ಟೆಸ್ಟ್' ಎಂದು ಹೆಸರು ಬದಲಿಸುತ್ತಾ ರಾತ್ರಿಯಿಡೀ ಬಾಗಿಲು ತಟ್ಟಿದ್ದರು. ದೂರದಿಂದ ಕಂಪ್ಯೂಟರ್ ಬಳಸಲು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಅಂತ ಎಲ್ಲರಿಗೂ ಗೊತ್ತು. ಅದು ಎಲ್ಲಿ ತೆರೆದಿದೆ ಎಂದು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅವತ್ತೇ ಮುಚ್ಚಿದೆ. ನಿಮ್ಮಲ್ಲಿ ಸದಸ್ಯರ ಫೋನ್ ನಂಬರ್‌ಗಳೂ ಇರುತ್ತವೆ ಅಲ್ವಾ? ಅದು ಜನ ನಂಬಿ ಕೊಟ್ಟದ್ದು.

ಅಲ್ಲದೆ, ನಿಮ್ಮದು ವಿಂಡೋಸ್ ಹೋಮ್ ಆಗಿದ್ದರೆ ಹೊರಗಿನಿಂದ ಹಾಗೆ ಒಳಬರುವ ಸೌಲಭ್ಯವೇ ಅದರಲ್ಲಿಲ್ಲ. ಪ್ರೊ ಬೇಕು.

ನಿಮಗೆ ಸಾಕಾಗುವುದು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಹಣ ಕೊಡಬೇಕಿಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಿ, ಆರು ಅಂಕಿಗಿಂತ ಕಡಿಮೆಯಿಲ್ಲದ ಪಿನ್ ಇಡಿ. ಕುಂದಾಪುರದಲ್ಲಿ ಅದೇ ಗೂಗಲ್ ಖಾತೆಯಿಂದ ಲಾಗಿನ್ ಆಗಿ ಪಿನ್ ಕೊಟ್ಟರೆ ಮನೆಯ ಪರದೆ ಕಾಣುತ್ತದೆ. ಇಲ್ಲಿ ಮನೆಯ ಕಂಪ್ಯೂಟರ್ ತಾನೇ ಹೊರಗೆ ಸಂಪರ್ಕ ಇಟ್ಟುಕೊಂಡಿರುತ್ತದೆ, ಹಾಗಾಗಿ ರೂಟರ್ ಮುಟ್ಟುವ ಕೆಲಸವಿಲ್ಲ. ಆ ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಇಷ್ಟಕ್ಕೂ ಬೀಗದ ಕೈ ಅದೇ.

ನುಡಿ ಫೈಲುಗಳಿಗೆ ಈ ದಾರಿ ತುಂಬಾ ಒಳ್ಳೆಯದು. ಹಳೆಯ ನುಡಿ ಫೈಲನ್ನು ಮೇಲ್ ಮಾಡಿಕೊಂಡು ಬೇರೆಡೆ ತೆರೆದರೆ, ಆ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಏನೇನೋ ಗುರುತುಗಳು ಕಾಣುತ್ತವೆ. ಇಲ್ಲಿ ಫೈಲ್ ತೆರೆಯುವುದು ಡೊಂಬಿವಲಿಯಲ್ಲೇ, ನಿಮಗೆ ಬರುವುದು ಪರದೆಯ ಚಿತ್ರ.

ಹೊರಡುವ ಮುಂಚೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿ. ನಾನು ಇದನ್ನು ಮರೆತು ಮತ್ಸ್ಯಗಂಧಾ ರೈಲು ಹತ್ತಿದ್ದೆ. ಉಡುಪಿಯಲ್ಲಿ ಇಳಿದು ನೋಡಿದರೆ ಕಂಪ್ಯೂಟರ್ 'ಆಫ್‌ಲೈನ್'. ಕೀಲಿ ಇದ್ದ ಪಕ್ಕದ ಮನೆಯ ಮಾವಶಿ ಹೋಗಿ ಎಬ್ಬಿಸಬೇಕಾಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗಬೇಕಾದರೆ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್) ಒಂದು ಆಯ್ಕೆ ಇರುತ್ತದೆ, 'ಎಸಿ ಪವರ್ ಲಾಸ್' ಎಂಬಂಥ ಹೆಸರಿನಲ್ಲಿ. ಅದನ್ನು ನಿಮ್ಮ ಕಂಪ್ಯೂಟರ್ ರಿಪೇರಿಯವರ ಹತ್ತಿರ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ನೀವಾಗಿ ಕರೆಯದ ಯಾರಾದರೂ ಬ್ಯಾಂಕಿನವರೆಂದು ಫೋನ್ ಮಾಡಿ ಇಂಥ ಆ್ಯಪ್ ಹಾಕಿಸಿ ಕೋಡ್ ಕೇಳಿದರೆ ಫೋನ್ ಇಟ್ಟುಬಿಡಿ. ಎನಿಡೆಸ್ಕ್ ಎಂಬ ಇಂಥದೇ ಆ್ಯಪ್ ಬಳಸಿ ಹೀಗೆ ಹಣ ಕದಿಯುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಮ್ಮನಿಗೂ ಇದನ್ನು ಹೇಳಿಡಿ.

ಎಲ್ಲ ಆದ ಮೇಲೆ ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ಲ್ಯಾಪ್‌ಟಾಪ್‌ಗೆ ಮನೆಯ ವೈಫೈ ಬೇಡ, ಮೊಬೈಲ್ ಹಾಟ್‌ಸ್ಪಾಟ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಸಂಪರ್ಕಿಸಿ. ವಿಂಡೋಸ್ ಪಾಸ್‌ವರ್ಡ್ ಕೇಳುವ ಪರದೆ ಬಂದರೆ ಟಿಕೆಟ್ ತೆಗೆಯಿರಿ. ಅಮ್ಮ ಬೇಗ ಗುಣವಾಗಲಿ.