ಮಿದುಳಿನ ಸ್ಕ್ಯಾನ್ ಸರಿಯಿದ್ದರೂ ಕಾಲಿನಲ್ಲಿ ಏಕೆ ಶಕ್ತಿಯಿಲ್ಲ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಬಯಾಪ್ಸಿಯಲ್ಲಿ ‘ಸ್ಮಾಲ್ ಸೆಲ್’ ಶ್ವಾಸಕೋಶ ಕ್ಯಾನ್ಸರ್ ಎಂದು ಗೊತ್ತಾಗಿದೆ. ಅದಕ್ಕೂ ಕೆಲವು ತಿಂಗಳ ಮೊದಲಿನಿಂದಲೇ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟವಾಗಿತ್ತು, ಬಾಯಿಯೂ ಒಣಗುತ್ತಿರುತ್ತದೆ. ಮಿದುಳಿನ ಎಂಆರ್‌ಐನಲ್ಲಿ ಏನೂ ಕಂಡಿಲ್ಲ. ರೋಗ ನರಗಳಿಗೆ ಹರಡಿದೆಯೇ? ಬೇರೆ ಬಗೆಯ ಶ್ವಾಸಕೋಶ ಕ್ಯಾನ್ಸರ್‌ನಲ್ಲೂ ಹೀಗಾಗುತ್ತದೆಯೇ?

ಉತ್ತರ: ಸ್ಮಾಲ್ ಸೆಲ್ ಕ್ಯಾನ್ಸರ್ ನರಗಳಿಗೆ ಹರಡದೆಯೂ ಅವುಗಳ ಕೆಲಸ ಕೆಡಿಸಬಲ್ಲದು. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಮೊದಲು ನೆನಪಾಗುವುದು ಲ್ಯಾಂಬರ್ಟ್–ಈಟನ್ ಸಿಂಡ್ರೋಮ್. ಈ ಗಡ್ಡೆಯ ಜೀವಕೋಶಗಳಿಗೆ ನರಕೋಶಗಳ ಕೆಲವು ಗುಣಗಳಿದ್ದು, ನರದ ತುದಿಯಲ್ಲಿರುವಂಥ ಕ್ಯಾಲ್ಸಿಯಂ ಚಾನೆಲ್‌ಗಳು (ಕ್ಯಾಲ್ಸಿಯಂ ಒಳಹೋಗುವ ದ್ವಾರಗಳು) ಅವುಗಳ ಮೇಲೂ ಇರುತ್ತವೆ. ಗಡ್ಡೆಯ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ನರದ ತುದಿಯ ಚಾನೆಲ್‌ಗಳ ಮೇಲೂ ಎರಗುವುದರಿಂದ, ಸ್ನಾಯುವಿಗೆ ಸಂಕೇತ ಮುಟ್ಟಿಸುವ ಅಸಿಟೈಲ್‌ಕೋಲಿನ್ ಸಾಕಷ್ಟು ಬಿಡುಗಡೆಯಾಗುವುದಿಲ್ಲ. ತೊಡೆ, ಸೊಂಟದ ಸ್ನಾಯುಗಳು ಸೋಲುವುದು, ಬಾಯಿ ಒಣಗುವುದು ಎರಡಕ್ಕೂ ಮೂಲ ಇದೇ. ಕ್ಯಾನ್ಸರ್ ಪತ್ತೆಯಾಗುವ ಮೊದಲೇ ಇದು ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಪರೀಕ್ಷಿಸುವಾಗ ಮಂಡಿಯ ಪ್ರತಿವರ್ತನೆ, ಅಂದರೆ ಮಂಡಿಯ ಕೆಳಗೆ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು, ಮೊದಲು ಕಡಿಮೆಯಿರುತ್ತದೆ ಅಥವಾ ಸಿಗುವುದೇ ಇಲ್ಲ. ರೋಗಿ ಸುಮಾರು 10 ಸೆಕೆಂಡು ಕಾಲನ್ನು ಬಲವಾಗಿ ಬಿಗಿಹಿಡಿದ ನಂತರ ತಟ್ಟಿದರೆ ಅದು ಮರಳಿ ಬರಬಹುದು. ನರ ಉದ್ದೀಪನ ಪರೀಕ್ಷೆ ಮತ್ತು ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯಿಂದ ರೋಗನಿರ್ಣಯ ಖಚಿತವಾಗುತ್ತದೆ. ಗಡ್ಡೆಗೆ ಚಿಕಿತ್ಸೆ ಕೊಟ್ಟಾಗ ಅನೇಕರಲ್ಲಿ ಶಕ್ತಿ ಸುಧಾರಿಸುತ್ತದೆ. ಜತೆಗೆ ಅಮಿಫ್ಯಾಂಪ್ರಿಡಿನ್ ಎಂಬ ಮಾತ್ರೆಯೂ ಇದೆ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ವಿರುದ್ಧ ಚುರುಕುಗೊಳಿಸುವ ಚಿಕಿತ್ಸೆ) ಇಂಥ ನರದೋಷವನ್ನು ಉಲ್ಬಣಿಸಬಹುದಾದ್ದರಿಂದ, ಅದನ್ನು ಆರಂಭಿಸುವ ಮುನ್ನವೇ ಕಾಲಿನ ದೌರ್ಬಲ್ಯದ ವಿಷಯವನ್ನು ಕ್ಯಾನ್ಸರ್ ವೈದ್ಯರಿಗೆ ತಿಳಿಸಿರಬೇಕು. ಇದನ್ನು ವಯಸ್ಸಿನ ನಿಶ್ಶಕ್ತಿ ಎಂದು ಮನೆಯವರು ಹೇಳದೇ ಬಿಡುವುದೇ ಹೆಚ್ಚು.

ಇದೇ ಕ್ಯಾನ್ಸರ್‌ನಲ್ಲಿ ‘ಹು’ ಎಂಬ ಇನ್ನೊಂದು ಬಗೆಯ ಪ್ರತಿಕಾಯಗಳು ಇರುವವರಲ್ಲಿ ಕೈಕಾಲು ಮರಗಟ್ಟುವುದು, ನೆನಪು ಕೆಡುವುದು ಉಂಟು. ಅಲ್ಲಿ ನರಕೋಶಗಳೇ ನಾಶವಾಗುವುದರಿಂದ ಚೇತರಿಕೆ ಕಡಿಮೆ. ಗಡ್ಡೆ ಸ್ರವಿಸುವ ಹಾರ್ಮೋನಿನಿಂದ ಸೋಡಿಯಂ ಇಳಿದು ಗೊಂದಲ, ಫಿಟ್ಸ್ ಬರುವುದೂ ಇದೆ; ಅದು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ.

ಬೇರೆ ಬಗೆಗಳಲ್ಲಿ ತೊಂದರೆಯ ದಾರಿಯೇ ಬೇರೆ. ಅಡೆನೊಕಾರ್ಸಿನೋಮ, ಅದರಲ್ಲೂ ಇಜಿಎಫ್‌ಆರ್ ಅಥವಾ ಎಎಲ್‌ಕೆ ಜೀನ್ ಬದಲಾವಣೆ ಇರುವಂಥದ್ದು, ಮಿದುಳಿಗೆ ಮತ್ತು ಮಿದುಳಿನ ಪೊರೆಗೆ ಹರಡುವುದು ಹೆಚ್ಚು. ಸ್ಕ್ವೇಮಸ್ ಬಗೆಯಲ್ಲಿ ಕ್ಯಾಲ್ಸಿಯಂ ಏರಿ ಮಂಪರು ಕವಿಯಬಹುದು. ಇನ್ನು ಶ್ವಾಸಕೋಶದ ತುದಿಯಲ್ಲಿ ಬೆಳೆಯುವ ಗಡ್ಡೆ, ಬಗೆ ಯಾವುದೇ ಇರಲಿ, ಪಕ್ಕದ ನರಗುಚ್ಛವನ್ನು ಒತ್ತಿದರೆ ಭುಜದಿಂದ ಕಿರುಬೆರಳಿನವರೆಗೆ ನೋವು ಇಳಿಯುತ್ತದೆ, ಅದೇ ಬದಿಯ ಕಣ್ಣಿನ ರೆಪ್ಪೆ ಜೋಲುತ್ತದೆ.

ಸ್ಮಾಲ್ ಸೆಲ್ ಕೂಡ ಮಿದುಳಿಗೆ ಬೇಗ ಹರಡುವ ಸ್ವಭಾವದ್ದೇ. ಆದ್ದರಿಂದ ಇಂದಿನ ಎಂಆರ್‌ಐ ಸರಿಯಿದ್ದರೂ ವೈದ್ಯರು ಹೇಳಿದ ಅವಧಿಗೆ ಅದನ್ನು ಮತ್ತೆ ಮಾಡಿಸಬೇಕು. ಹೊಸದಾಗಿ ಬೆನ್ನುನೋವು ಬಂದು ಕಾಲಿನ ಬಲ ಇನ್ನಷ್ಟು ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ನುಂಗಲು, ಉಸಿರಾಡಲು ಕಷ್ಟವಾದರೆ, ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.